ಕೊನೆಯ ಎರಡು ತಟ್ಟು

"ಇನ್ನೊಂದ್ಸಲ ಹಾಕಿ ಡಾಕ್ಟ್ರೇ."

ಸುಮಂಗಲಾ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ಡಾಕ್ಟರ್ ಸೌಮ್ಯಾ ಕಂಪ್ಯೂಟರಿನ ಗುಂಡಿ ಒತ್ತಿದಳು. ಮಲಗಿರುವ ಗಂಡಸೊಬ್ಬನ ಉಸಿರು ಕೇಳಿಸಿತು. ಗೊರಕೆಯಿಲ್ಲ, ತಡವರಿಕೆಯಿಲ್ಲ. ಹಾಲು ಕುಡಿದು ಮಲಗಿದ ಕೂಸಿನ ಉಸಿರಿನ ಹಾಗೆ ಮೇಲೆ, ಕೆಳಗೆ, ಮೇಲೆ, ಕೆಳಗೆ.

"ನಲ್ಲಪ್ಪನ ಒಪ್ಪಿಗೆ ತಗೊಂಡೇ ನಿಮಗೆ ಇದನ್ನ ಕೇಳಿಸ್ತಿರೋದು," ಎಂದಳು ಸೌಮ್ಯಾ. "ನೂರು ಸಲ ಕೇಳಿದ್ರೂ ಇಷ್ಟೇ ಮೇಡಂ. ಈ ಉಸಿರಲ್ಲಿ ಸ್ಲೀಪ್ ಆಪ್ನಿಯಾ ಇಲ್ಲ."

ಆದರೆ ಇದೇ ನಲ್ಲಪ್ಪ ಹೋದ ವಾರ ಬಸ್ಸು ಓಡಿಸುತ್ತಲೇ ನಿದ್ದೆಹೋಗಿ, ಸಿಂಗಸಂದ್ರದ ಹತ್ತಿರ ಕಾರ್ಖಾನೆಯ ಹೆಣ್ಣುಮಕ್ಕಳು ತುಂಬಿದ್ದ ಬಸ್ಸನ್ನು ಡಿವೈಡರಿನ ಮೇಲೆ ಹತ್ತಿಸಿದ್ದ. ಒಬ್ಬರ ಜೀವವೂ ಹೋಗಲಿಲ್ಲ. ಆ ಹೆಣ್ಣುಮಕ್ಕಳ ತಾಯಂದಿರು ಅವತ್ತು ಯಾವ್ಯಾವ ದೇವರಿಗೆ ದೀಪ ಹಚ್ಚಿದರೋ! ಆದರೆ ಪ್ರಶ್ನೆ ಮಾತ್ರ ಉಳಿಯಿತು: ಇವನ ನಿದ್ರೆ ಸರಿಯಾಗಿದೆ ಎಂದು ವರದಿ ಕೊಟ್ಟದ್ದು ಯಾರು?

ಕೊಟ್ಟದ್ದು ಸೌಮ್ಯಾಳ ಸಂಶೋಧನೆ.

ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಸ್ಲೀಪ್ ಆಪ್ನಿಯಾ. ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಎದ್ದ ಮೇಲೆ ದಿನವಿಡೀ ತೂಕಡಿಕೆ. ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಬೇಕೆಂದರೆ ಪಾಳಿ ಕೆಲಸದವರು ಬರುವುದಿಲ್ಲ. ಹಾಗಾಗಿ ಸೌಮ್ಯಾ ಒಂದು ಪುಟ್ಟ ಡಬ್ಬಿಯನ್ನು ಅವರ ಮನೆಗೇ ಕಳಿಸುತ್ತಿದ್ದಳು. ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಗಂಟಲ ಹತ್ತಿರ ಅಂಟಿಸುವ ಕಡಲೆಕಾಳಿನಷ್ಟು ಮೈಕು. ಮನೆಯಲ್ಲೇ ಮಲಗಿ ಮಾಡಿದ ಪರೀಕ್ಷೆ ಆಸ್ಪತ್ರೆಯ ಪರೀಕ್ಷೆಯಷ್ಟೇ ಸರಿಯಾಗಿ ಕಾಯಿಲೆ ಹಿಡಿಯುತ್ತದೆಯೇ? ಹಿಡಿದ ಮೇಲೆ ಮಾಸ್ಕಿನ ಮೂಲಕ ಗಾಳಿ ಊದುವ ಉಸಿರಿನ ಮಿಷಿನ್ ಕೊಟ್ಟರೆ ಆ ಒಂದೇ ಕೋಣೆಯ ಮನೆಗಳಲ್ಲಿ ಜನ ಅದನ್ನು ಬಳಸುತ್ತಾರೆಯೇ? ಇಷ್ಟೇ ಅವಳು ಹುಡುಕುತ್ತಿದ್ದದ್ದು.

"ಇವತ್ತು ಮಧ್ಯಾಹ್ನ ಮೂರಕ್ಕೆ, ಸಂಶೋಧನೆಗಳನ್ನ ನೋಡೋ ಆಸ್ಪತ್ರೆಯ ನೀತಿ ಸಮಿತಿ ಸೇರುತ್ತೆ," ಎಂದಳು. ಧ್ವನಿ ಸಣ್ಣದಾಗಿತ್ತು. "ಪರೀಕ್ಷೆ ನಂಬೋ ಹಾಗಿಲ್ಲ ಅಂತ ತೀರ್ಮಾನ ಆದ್ರೆ ಸ್ಟಡಿ ಕ್ಲೋಸ್. ನನ್ನ ಹೆಸರು ಹೋದ್ರೆ ಹೋಗ್ಲಿ. ಮನೆಗಳಿಗೆ ಕೊಟ್ಟಿರೋ ಮಿಷಿನ್‌ಗಳನ್ನೆಲ್ಲ ವಾಪಸ್ ತರಿಸ್ತಾರೆ. ಈಗಷ್ಟೇ ನೆಮ್ಮದಿಯಾಗಿ ಉಸಿರಾಡ್ತಿರೋ ಜನ ಮೇಡಂ ಅವರು."

ಸುಮಂಗಲಾ ಹೆಡ್‌ಫೋನನ್ನು ಇನ್ನೂ ಕಿವಿಗೆ ಒತ್ತಿಕೊಂಡೇ ಇದ್ದಳು. ಅವಳು ಉಸಿರನ್ನು ಕೇಳುತ್ತಿರಲಿಲ್ಲ. ಉಸಿರಿನ ಹಿಂದೆ ಇದ್ದದ್ದನ್ನು ಕೇಳುತ್ತಿದ್ದಳು.

ಬಸ್ಸಿನ ಅಪಘಾತದ ತನಿಖೆಗೆ ಬಂದ ಖಾಸಗಿ ಪತ್ತೇದಾರಿ ಅವಳು. ಮದುವೆಗೆ ಮುಂಚೆ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸ ಮಾಡಿದ್ದವಳು. ಮಾತನಾಡುವವರಿಗಿಂತ ಅವರ ಹಿಂದಿನ ಸದ್ದು ಹೆಚ್ಚು ಹೇಳುತ್ತದೆ ಎಂದು ಅಲ್ಲೇ ಕಲಿತಿದ್ದಳು.

"ಡಾಕ್ಟ್ರೇ, ಈ ಹಿಂದೆ ಕೇಳ್ತಿರೋ ಸದ್ದನ್ನ ಯಾರಾದ್ರೂ ಕೇಳಿದ್ದೀರಾ?"

"ಇಲ್ಲ. ಕಂಪ್ಯೂಟರ್ ಗೊರಕೆನ ಮಾತ್ರ ಎಣಿಸುತ್ತೆ. ಬಾಕಿ ಸದ್ದನ್ನ ಬದಿಗಿಡುತ್ತೆ. ಯಾಕೆ?"

ಸುಮಂಗಲಾ ಹೆಡ್‌ಫೋನ್ ತೆಗೆದು ಅವಳ ಕಿವಿಗೆ ಇಟ್ಟಳು. "ಕೇಳಿ. ದೂರದಲ್ಲಿ. ಟಪ್ ಟಪ್ ಟಪ್ ಟಪ್."

"ಬಟ್ಟೆ ಒಗೀತಿದ್ದಾರಾ?"

"ಅಲ್ಲ ಕಣಮ್ಮ. ಜೋಳದ ರೊಟ್ಟಿ ಬಡೀತಿದ್ದಾರೆ."

ಗದಗಿನ ಕಡೆ ಹುಟ್ಟಿದವಳಿಗೆ ಆ ಸಪ್ಪಳ ತಪ್ಪುವುದುಂಟೇ? ತಾಯಿಯ ಬಳೆಗಳ ಜೊತೆಗೆ ಆ ಸಪ್ಪಳ ಕೇಳುತ್ತಲೇ ಅವಳು ಬೆಳಗಿನಲ್ಲಿ ಎದ್ದವಳು. ಆದರೆ ಇಲ್ಲೊಂದು ವಿಶೇಷವಿತ್ತು. ಪ್ರತಿ ರೊಟ್ಟಿ ಮುಗಿಯುವಾಗಲೂ ಆ ಬಿರುಸಾದ ಬಡಿತ ನಿಂತು, ಮೆಲ್ಲನೆ ಎರಡು ತಟ್ಟು ಕೇಳುತ್ತಿತ್ತು. ಟಪ್ ಟಪ್ ಟಪ್ ಟಪ್... ತಟ್, ತಟ್. ರೊಟ್ಟಿಗೆ ಅದರ ಅಗತ್ಯವೇ ಇಲ್ಲ.

"ನಲ್ಲಪ್ಪ ವರ್ತೂರಿನೋನು. ರಾಗಿಮುದ್ದೆ ಮನೆ. ಅವನ ಮನೇಲಿ ಹೀಗೆ ರೊಟ್ಟಿ ಬಡಿಯೋರು ಯಾರು?"

ಸೌಮ್ಯಾ ಹೆಡ್‌ಫೋನನ್ನು ಒತ್ತಿ ಹಿಡಿದಳು. ನಿಧಾನವಾಗಿ ಅವಳ ಹುಬ್ಬು ಗಂಟಿಕ್ಕಿತು. "ರೊಟ್ಟಿ ನಂಗೊತ್ತಾಗಲ್ಲ ಮೇಡಂ. ಆದ್ರೆ ಇನ್ನೊಂದು ಸದ್ದಿದೆ. ಸುಂಯ್ ಅಂತ, ಒಂದೇ ಸಮ."

"ಫ್ಯಾನ್ ಅಂದ್ಕೊಂಡೆ."

"ಫ್ಯಾನ್ ಅಲ್ಲ." ಅವಳ ಮುಖ ಬಿಳಿಚಿಕೊಂಡಿತು. "ಮಾಸ್ಕಿನಿಂದ ಗಾಳಿ ಹೊರಗೆ ಬರೋ ಸದ್ದು. ನಮ್ಮ ಮಿಷಿನ್ನಿಂದು. ನಲ್ಲಪ್ಪನಿಗೆ ನಾವು ಮಿಷಿನ್ನೇ ಕೊಟ್ಟಿಲ್ಲ!"

ಅಂದರೆ ನಲ್ಲಪ್ಪನ ಹೆಸರಿನಲ್ಲಿ ಮಲಗಿದ್ದವನು ಬೇರೆ ಯಾರೋ. ಕಾಯಿಲೆ ಇದ್ದು, ಮಿಷಿನ್ ಹಾಕಿಕೊಂಡು, ಸುಖವಾಗಿ ಉಸಿರಾಡುತ್ತಿದ್ದವನು.

"ಮಿಷಿನ್ ಯಾರ್ಯಾರ ಮನೇಲಿದೆ?"

ಸೌಮ್ಯಾ ತಲೆಯಾಡಿಸಿದಳು. "ಅದನ್ನ ಹೇಳೋ ಹಾಗಿಲ್ಲ. ನನ್ನ ಹೆಸರು ಉಳಿಸ್ಕೊಳ್ಳೋಕೆ ರೋಗಿಗಳ ಹೆಸರು ಕೊಡಲ್ಲ ಮೇಡಂ. ಕ್ಷಮಿಸಿ."

ಸುಮಂಗಲಾ ಅವಳ ಕೆನ್ನೆ ಸವರಿದಳು. ಮಗಳ ವಯಸ್ಸಿನವಳು. "ಕೊಡಬೇಡ ಬಿಡು. ನಾನೇ ಹುಡುಕ್ತೀನಿ."

* * *

ನಲ್ಲಪ್ಪ ಅದೇ ಆಸ್ಪತ್ರೆಯ ಕೆಳಗಿನ ವಾರ್ಡಿನಲ್ಲಿದ್ದ. ಬಲಗೈಗೆ ಪ್ಲಾಸ್ಟರ್. ಕೂತಲ್ಲೇ ತೂಕಡಿಸುತ್ತಿದ್ದವನು ಸುಮಂಗಲೆಯನ್ನು ಕಂಡು ಬೆಚ್ಚಿ ನೆಟ್ಟಗಾದ.

"ಏನಾರಾ ಆಯ್ತಾ ಮೇಡಂ? ಆ ಹೆಣ್ಮಕ್ಳೆಲ್ಲ ಚೆನ್ನಾಗವ್ರಾ?"

"ಚೆನ್ನಾಗಿದ್ದಾರೆ. ಕೆಲಸಕ್ಕೂ ಹೋಗ್ತಿದ್ದಾರೆ."

"ಅಷ್ಟು ಸಾಕು." ಅವನು ಎಡಗೈಯನ್ನೇ ಹಣೆಗೆ ಮುಟ್ಟಿಸಿಕೊಂಡ. "ನಮ್ಮ ಎಲ್ಲಮ್ಮತಾಯಿ ದೊಡ್ಡೋಳು."

ಸುಮಂಗಲಾ ಸ್ಟೂಲು ಎಳೆದು ಕೂತಳು. "ಅಲ್ಲ ನಲ್ಲಪ್ಪಣ್ಣ, ನಿದ್ದೆ ಪರೀಕ್ಷೆ ಮಾಡುವಾಗ ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲ, ಕಿರಿಕಿರಿ ಆಗ್ಲಿಲ್ವಾ?"

"ಒಸಿ ಆಯ್ತು ಮೇಡಂ. ಆಮೇಕೆ ಅಂಗೇ ನಿದ್ದೆ ಅತ್ಬುಡ್ತು."

ಕಣ್ಣಿಗೆ ಕಟ್ಟುವ ಪಟ್ಟಿಯೇ ಆ ಡಬ್ಬಿಯಲ್ಲಿರಲಿಲ್ಲ.

ಸುಮಂಗಲಾ ಗದರಲಿಲ್ಲ. ಸುಮ್ಮನೆ ಅವನನ್ನೇ ನೋಡಿದಳು. ಅವನು ನೋಟ ತಪ್ಪಿಸಿ ಗೋಡೆಯ ಕಡೆ ತಿರುಗಿದ. "ನಂಗೇನೂ ಗೊತ್ತಿಲ್ಲ ಮೇಡಂ. ಎಲ್ಲಾ ಅವರೇ ನೋಡ್ಕಂಡ್ರು."

"ಅವರು ಅಂದ್ರೆ?"

"ಆಸ್ಪತ್ರೆಯೋರು ಅಂದ್ಕಳ್ಳಿ." ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

ಆಗ ಅವಳ ಕಣ್ಣಿಗೆ ಮಂಚದ ಪಕ್ಕದ ಗೂಡಿನ ಮೇಲಿದ್ದ ಗಂಟು ಬಿತ್ತು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಬುತ್ತಿ. ಅವಳು ಗಂಟು ಸಡಿಲಿಸಿದಳು. ಹಪ್ಪಳದಷ್ಟು ತೆಳ್ಳಗಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

"ಇದನ್ನ ಯಾರು ತಂದ್ರು? ನೀವು ಮುದ್ದೆಯವರು."

ನಲ್ಲಪ್ಪನ ಮುಖ ಮೊದಲ ಸಲ ಅರಳಿತು. "ಅಗಿಯಕ್ಕೆ ಅಲ್ಲು ಗಟ್ಟಿ ಬೇಕು ಮೇಡಂ, ಆದ್ರೂ ಬೇಡ ಅನ್ನಕಾಯ್ತದಾ? ಎಬ್ಬಗೋಡಿ ಶೇಖವ್ವಕ್ಕ ತಂದಿದ್ದು. ಅವರ ಯಜಮಾನ್ರು ಒಂದಿನ ನನ್ ಬಸ್ನಲ್ಲೇ ಮೈಮೇಲೆ ಗ್ಯಾನ ಇಲ್ದಂಗೆ ಬಿದ್ಬುಟ್ಟಿದ್ರು. ಸ್ಟಾಪ್ನಲ್ಲಿ ನಿಲ್ಲಿಸ್ದೆ ಸೀದಾ ಇಲ್ಲಿಗೇ ಓಡಿಸ್ಕಂಡ್ ಬಂದಿದ್ದೆ. ಅವತ್ತಿಂದ ರೊಟ್ಟಿ ತಪ್ಪಿಸಿಲ್ಲ ಆ ಯಮ್ಮ."

ಸುಮಂಗಲಾ ಗಂಟನ್ನು ಇದ್ದ ಹಾಗೆಯೇ ಕಟ್ಟಿದಳು. ಹೆಬ್ಬಗೋಡಿಗೆ ಹೊರಟಳು.

ಹೊಸೂರು ರಸ್ತೆಯಲ್ಲಿ ಬಸ್ಸು ಹತ್ತುವಷ್ಟರಲ್ಲಿ ಫೋನ್ ಬಂತು. ನಲ್ಲಪ್ಪ ಓಡಿಸುತ್ತಿದ್ದ ಬಸ್ಸಿನ ಮಾಲೀಕ, ಅವಳಿಗೆ ಈ ತನಿಖೆ ಒಪ್ಪಿಸಿದ ಹನುಮಂತರಾಯಪ್ಪ.

"ಏನ್ ಮೇಡಂ, ಎಲ್ಲಿಗ್ ಬಂತು ನಮ್ ಕೆಲಸ? ಡಾಕ್ಟ್ರಮ್ಮನ ಡಬ್ಬೀನೇ ಸರಿ ಇಲ್ಲ ಅಂತ ಒಂದ್ ರಿಪೋರ್ಟ್ ಬರ್ಕೊಟ್ಬಿಡಿ, ಮೂರ್ ಗಂಟೆ ಮೀಟಿಂಗ್‌ಗೆ ನಾನೇ ಹಿಡ್ಕೊಂಡ್ ಹೋಯ್ತೀನಿ. ಪರೀಕ್ಷೆ ಪಾಸಾಗ್ದಿರೋ ಡ್ರೈವರ್ ಇದ್ರೆ ಗುತ್ತಿಗೆ ಇಲ್ಲ ಅಂತ ಕಾರ್ಖಾನೆಯೋರು ಅಂದಾಗ ನಮ್ ಡ್ರೈವರ್‌ಗಳನ್ನೆಲ್ಲ ಪರೀಕ್ಷೆಗೆ ಕಳಿಸ್ದೋನು ನಾನು. ನಂಬಿ ಕೆಟ್ಟೆ. ತಿಳೀತಾ?"

"ನೋಡಿದ್ದನ್ನ ಬರೀತೀನಿ ರಾಯಪ್ಪನವ್ರೆ. ನೋಡದೇ ಇರೋದನ್ನ ಬರೆಯಲ್ಲ."

"ಏನ್ ನೋಡ್ಬೇಕೋ ಬೇಗ ನೋಡಿ, ತಿಳೀತಾ?"

* * *

ಶೇಖವ್ವನ ಹೆಸರು ಕೇಳಿಕೊಂಡು ಬಂದರೆ, ಹೆಬ್ಬಗೋಡಿಯ ವಠಾರವೊಂದರಲ್ಲಿ ಮೇಲಿನ ಮಹಡಿಯ ಕೊನೆಯ ಮನೆ. ಮೆಟ್ಟಿಲು ಹತ್ತುವಾಗಲೇ ಸುಮಂಗಲಾ ನಿಂತುಬಿಟ್ಟಳು.

ಟಪ್ ಟಪ್ ಟಪ್ ಟಪ್ ಟಪ್... ತಟ್, ತಟ್.

ಬೆಳಿಗ್ಗೆ ಕಿವಿಯೊಳಗೆ ಕೇಳಿದ್ದು ಈಗ ಕಣ್ಣೆದುರಿಗೇ ಬಂದಂತಿತ್ತು. ತೆರೆದ ಬಾಗಿಲಿನೊಳಗೆ ಗ್ಯಾಸ್ ಒಲೆಯನ್ನು ನೆಲದ ಮೇಲೆಯೇ ಇಟ್ಟುಕೊಂಡು, ಮಣೆಯ ಮುಂದೆ ಕೂತಿದ್ದ ಹೆಂಗಸು ತಲೆ ಎತ್ತಿದಳು.

"ಯಾರ್ರೀ? ಬರ್ರಿ ಒಳಗ. ಮೆಲ್ಲಕ ಮಾತಾಡ್ರಿ, ನಮ್ಮನಿಯವ್ರು ಮಲಗ್ಯಾರ."

ಕೋಣೆಯ ಅರ್ಧಕ್ಕೆ ಒಂದು ಪರದೆ. ಅದರಾಚೆ, ರಾತ್ರಿ ಪಾಳಿ ಮುಗಿಸಿ ಬಂದ ಚನಬಸಪ್ಪ ಮಲಗಿದ್ದ. ಪರದೆಯ ಸಂದಿಯಿಂದ ಅವನ ತಲೆದಿಂಬಿನ ಪಕ್ಕದ ಪುಟ್ಟ ಮಿಷಿನ್ ಕಾಣುತ್ತಿತ್ತು. ಅದಕ್ಕೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಸುಂಯ್ ಎನ್ನುವ ಸದ್ದು ಒಂದೇ ಸಮ.

"ನಾನು ಸುಮಂಗಲಾ ಅಂತ. ಆಸ್ಪತ್ರೆಯಿಂದ ಬಂದೆ. ನಲ್ಲಪ್ಪನ ಹಂತ್ಯಾಕ ನಿನ್ನ ರೊಟ್ಟಿ ಗಂಟು ನೋಡಿ ಬಂದೀನಿ ತಂಗಿ."

"ಹೌದ್ರಿ? ತಿಂದ್ರೇನ್ರಿ ಅವ್ರು? ಮುದ್ದಿ ನುಂಗಾವ್ರಿಗೆ ರೊಟ್ಟಿ ಅಗಿಯಾಕ ಕಲಿಸೂದು ಭಾಳ ತ್ರಾಸ ನೋಡ್ರಿ." ಶೇಖವ್ವ ನಕ್ಕಳು. "ನಮ್ಮ ಕಡಿ ಮಾತು ಬರ್ತೈತಲ್ರಿ ನಿಮಗ! ಯಾ ಊರು?"

"ಗದಗ."

"ಅಯ್ಯ, ಹಂಗಾದ್ರ ಉಂಡೇ ಹೋಗಬೇಕು."

ಬಿಸಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಟ್ಟೆಗೆ ಬಂದವು. ಕೇಳಲು ಬಂದ ಪ್ರಶ್ನೆಯನ್ನು ಬದಿಗಿಟ್ಟು ಸುಮಂಗಲಾ ಬೇರೆ ಕಡೆಯಿಂದ ಆರಂಭಿಸಿದಳು. "ಮಿಷಿನ್ನಿಗೆ ವಿಭೂತಿ ಹಚ್ಚೀಯಲ್ಲ?"

"ಡಾಕ್ಟ್ರವ್ವ ನೋಡಿ ನಕ್ಕರು ರೀ. ಹಚ್ಚು, ಆದ್ರ ಗಾಳಿ ಹೋಗೋ ತೂತಿಗೆ ಹಚ್ಚಬ್ಯಾಡ ಅಂದ್ರು." ಶೇಖವ್ವ ರೊಟ್ಟಿ ಮಗುಚಿದಳು. "ಮದಲ ಅವ್ರ ಗೊರಕಿ ಕೇಳಿ ಓಣಿ ಮಂದಿ ಎಲ್ಲಾ ‘ಚನಬಸಪ್ಪ ಎಷ್ಟು ಚಲೋ ನಿದ್ದಿ ಮಾಡ್ತಾನ’ ಅಂತಿದ್ರು. ಅದು ನಿದ್ದಿ ಅಲ್ರಿ. ಉಸಿರು ನಿಂತು ಒದ್ದಾಡೂದು. ನಾ ಬಾಜೂಕ ಕುಂತು ನೋಡೂದು, ಉಸಿರು ನಿಂತ ಕೂಡ್ಲೆ ಅಲುಗಾಡಿಸೂದು. ಅದಾ ನನ್ನ ಸಂಸಾರ ಆಗಿತ್ತು."

"ಮಿಷಿನ್ ಬಂದ ಮೇಲೆ?"

"ಮದಲನೇ ದಿನ ಗೊರಕೀನ ಇಲ್ಲ! ಸತ್ತಾರೇನೋ ಅಂತ ಮೂಗಿನ ಹಂತ್ಯಾಕ ಕೈ ಒಯ್ದೆ. ಮೂಗು ಎಲ್ಲೈತ್ರಿ, ಆ ಮಾಸ್ಕ್ ಐತಿ! ಒಂದು ಚೀರು ಚೀರಿದೆ. ಅವ್ರು ಎದ್ದು ‘ಯಾಕ ಕೊಲ್ತೀಯೇ, ಹುಟ್ಟಿದ ಮ್ಯಾಲ ಇವತ್ತ ಮಲಗೀನಿ’ ಅಂದ್ರು."

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ನಗು ಮುಗಿಯುವಾಗ ಶೇಖವ್ವನ ಕಣ್ಣು ಒದ್ದೆಯಾಗಿದ್ದವು. "ಡಾಕ್ಟ್ರವ್ವನ ಪಾದ ತೊಳದು ನೀರು ಕುಡದ್ರೂ ಋಣ ತೀರೂದಿಲ್ರಿ."

ಸುಮಂಗಲಾ ತಟ್ಟೆ ಕೆಳಗಿಟ್ಟಳು. ಇದಕ್ಕಿಂತ ಕಷ್ಟದ ಮಾತನ್ನು ಅವಳು ಬಹಳ ದಿನದಿಂದ ಆಡಿರಲಿಲ್ಲ.

"ಶೇಖವ್ವ, ನಲ್ಲಪ್ಪನ ಪರೀಕ್ಷೆ ಡಬ್ಬಿಯೊಳಗ ನಿನ್ನ ರೊಟ್ಟಿ ಸಪ್ಪಳ ಐತಿ."

ಶೇಖವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟ ವಾಸನೆ ಬಂತು.

"ರೊಟ್ಟಿ ಎಲ್ಲಾರೂ ಬಡೀತಾರ್ರಿ. ಈ ಓಣ್ಯಾಗ ಎಲ್ಲಾ ನಮ್ಮ ಕಡಿ ಮಂದೀನ ಅದಾರ."

"ಬಡೀತಾರ. ನಾನೂ ಬಡೀತೀನಿ. ಸ್ವಲ್ಪ ಬಾಜೂಕ ಸರಿ."

ಸುಮಂಗಲಾ ಕೈ ತೊಳೆದು, ಸೆರಗು ಸಿಕ್ಕಿಸಿ, ಮಣೆಯ ಮುಂದೆ ಕೂತಳು. ಹಿಟ್ಟಿನ ಉಂಡೆ ಎತ್ತಿಕೊಂಡು ಬಡಿದಳು. ಟಪ್ ಟಪ್ ಟಪ್ ಟಪ್. ರೊಟ್ಟಿ ದುಂಡಗೆ ಹರಡಿತು. ಹಂಚಿನ ಮೇಲಿದ್ದ ಸುಟ್ಟ ರೊಟ್ಟಿಯನ್ನು ಬದಿಗಿಟ್ಟು, ಇದನ್ನು ಎತ್ತಿ ಹಂಚಿಗೆ ಹಾಕಿದಳು.

"ಕೇಳಿದೆಯಲ್ಲ? ನಮ್ಮವ್ವ ಕಲಿಸಿದ್ದು ಹಿಂಗ. ಬಡಿಯೂದು, ಎತ್ತೂದು. ಕೊನೀಗೆ ಎರಡು ತಟ್ಟು ಇಲ್ಲ. ಅದು ನಿನ್ನೊಬ್ಬಾಕಿ ಕೈಯಾಗ ಐತಿ."

ಶೇಖವ್ವ ಆ ರೊಟ್ಟಿಯನ್ನು ಮಗುಚಿ, ಬೇಯಿಸಿ ಬುಟ್ಟಿಗೆ ಹಾಕಿದಳು. ಮಿಷಿನ್ ಮಾತ್ರ ಸುಂಯ್ ಎನ್ನುತ್ತಿತ್ತು. ಆಮೇಲೆ ತನ್ನ ಅಂಗೈಯನ್ನೇ ನೋಡುತ್ತಾ ಹೇಳಿದಳು:

"ನಮ್ಮ ಶೈಲಾ ಕೂಸಿದ್ದಾಗ ಬಾಜೂಕ ಮಲಗಿಸ್ಕೊಂಡು ರೊಟ್ಟಿ ಬಡೀತಿದ್ದೆ ರೀ. ಒಂದು ರೊಟ್ಟಿ ಆತಂದ್ರ ಆಕಿಗೆ ಎರಡು ತಟ್ಟೂದು. ಇಲ್ಲಂದ್ರ ಏಳ್ತಿದ್ದಳು. ಈಗ ಆಕಿ ಹಾಸ್ಟೆಲಿನ್ಯಾಗ ಓದಾಕತ್ಯಾಳ. ಕೂಸು ಹ್ವಾತು, ಕೈ ಮರೀವಲ್ದು."

ಸುಮಂಗಲಾ ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡಳು. "ಡಬ್ಬಿಯನ್ನ ಯಜಮಾನ್ರಿಗೆ ಯಾಕ ಕಟ್ಟಿದಿ?"

"ನನ್ನ ಕೊಂದ್ರೂ ಡಾಕ್ಟ್ರವ್ವನ ಹೆಸರು ಹೇಳೂದಿಲ್ರಿ ನಾ."

"ಡಾಕ್ಟ್ರವ್ವನ ಹೆಸರು ಇದರಾಗ ಹೆಂಗ ಬಂತು?"

ಶೇಖವ್ವ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. "ಅವ್ರೇ ಕಳ್ಸಿದ್ರಲ್ರೀ ಡಬ್ಬಿ," ಎಂದಳು ಪಿಸುದನಿಯಲ್ಲಿ. "ನಲ್ಲಪ್ಪಣ್ಣನ ಪರೀಕ್ಷಾಕ ನಿನ್ನ ಗಂಡನ ಉಸಿರು ಬೇಕು, ಡಾಕ್ಟ್ರಮ್ಮನ ಹೇಳಿ ಕಳ್ಸ್ಯಾರ, ಇಲ್ಲಂದ್ರ ಪಾಪ ಅವನ ನೌಕರಿ ಹೋಗ್ತೈತಿ ಅಂತ ಡಬ್ಬಿ ತಂದವ್ರು ಅಂದ್ರು. ಜೀವ ಉಳಿಸಿದವರಿಬ್ಬರು ರೀ. ಒಬ್ಬರಿಗೆ ಬೇಕಾಗೈತಿ, ಇನ್ನೊಬ್ಬರು ಕೇಳ್ಯಾರ. ಹೆಂಗ ಇಲ್ಲ ಅನ್ಲಿ? ಮಲಗಿದಾಗ ಕಟ್ಟಿಬಿಟ್ಟೆ. ಇವ್ರಿಗೆ ಗೊತ್ತೂ ಇಲ್ಲ."

"ಅಪಘಾತ ಆದ ಮೇಲೆ?"

"ಎದಿ ಒಡದಂಗಾತು. ಅಂವಗೂ ಇದಾ ಜಡ್ಡು ಐತಿ ಅಂತ ಆಗ ತಿಳೀತು. ಬಾಯಿ ಬಿಟ್ರ ಡಾಕ್ಟ್ರವ್ವ ಸಿಗಬೀಳ್ತಾರ. ಅದಕ್ಕ ಸುಮ್ಮ ರೊಟ್ಟಿ ಒಯ್ದು ಕೊಟ್ಟು ಬರ್ತೀನಿ."

ಯಾರನ್ನು ಕಾಪಾಡಬೇಕೆಂದು ಇವಳು ತುಟಿ ಹೊಲಿದುಕೊಂಡಿದ್ದಳೋ, ಅವಳೇ ಈ ಮೌನದಲ್ಲಿ ಮುಳುಗುತ್ತಿದ್ದಳು.

"ತಂಗಿ, ಸರಿಯಾಗಿ ಕೇಳು. ಡಾಕ್ಟರು ಕಳ್ಸಿಲ್ಲ. ಅವರಿಗೆ ಇದರ ಸುಳಿವೂ ಇಲ್ಲ. ಇವತ್ತು ಮಧ್ಯಾಹ್ನ ಅವರ ಕೆಲಸ ಮುಚ್ಚಿಸ್ತಾರ. ಎಲ್ಲಾರ ಮಿಷಿನ್ನೂ ವಾಪಸ್ ಹೋಗ್ತಾವ."

ಶೇಖವ್ವ ಪರದೆಯ ಕಡೆ ನೋಡಿದಳು. ಒಳಗಿನ ಉಸಿರು ಮೇಲೆ, ಕೆಳಗೆ, ಮೇಲೆ, ಕೆಳಗೆ.

"ನಾ ಬಂದು ಖರೇ ಹೇಳಿದ್ರ ಇದು ಉಳೀತೈತೇನ್ರಿ?"

"ಬಾಕಿಯವರದ್ದು ಉಳೀಬಹುದು. ನಿಮ್ಮನ್ನ ಮಾತ್ರ ತಪ್ಪು ಮಾಡಿದವರು ಅಂತ ಹೊರಗ ಹಾಕಬಹುದು. ನಿನಗ ಸುಳ್ಳು ಭರವಸೆ ಕೊಡೂದಿಲ್ಲ ನಾ."

ಶೇಖವ್ವ ಸುಟ್ಟ ರೊಟ್ಟಿಯನ್ನು ಕೈಗೆತ್ತಿಕೊಂಡಳು. ಅಂಚು ಮುರಿದಳು. ಮತ್ತೆ ಜೋಡಿಸುವವಳಂತೆ ಹಿಡಿದು ನೋಡಿದಳು.

"ಮಿಷಿನ್ ಹ್ವಾದ್ರ ನಾ ಮತ್ತ ಬಾಜೂಕ ಕುಂದರ್ತೀನ್ರಿ. ಅಲುಗಾಡಿಸೂದು ನನಗೇನು ಹೊಸಾದಲ್ಲ. ಡಾಕ್ಟ್ರವ್ವನ ಹೆಸರು ಹ್ವಾದ್ರ ಯಾರು ಅಲುಗಾಡಿಸಿ ಎಬ್ಬಿಸ್ತಾರ? ಬರ್ತೀನಿ ನಡೀರಿ. ಇದೊಂದು ಹಿಟ್ಟು ಮುಗಿಸ್ತೀನಿ. ಅವ್ರು ಎದ್ದು ಉಣ್ಣಬೇಕು, ಡಾಕ್ಟ್ರವ್ವಗೂ ಎರಡು ಕಟ್ಕೋತೀನಿ."

ಸುಮಂಗಲೆಗೆ, ಇಂಥವರಿರುವುದರಿಂದಲೇ ಈ ಊರು ಇನ್ನೂ ಉಸಿರಾಡುತ್ತಿದೆ ಎನ್ನಿಸಿತು. ಅವಳೂ ಒಂದು ಉಂಡೆ ಎತ್ತಿಕೊಂಡಳು.

"ಡಬ್ಬಿ ತಂದವರು ಯಾರು? ಹೆಸರು ಹೇಳಿದ್ರಾ?"

"ಹೆಸರು ಕೇಳಲಿಲ್ರಿ. ದೊಡ್ಡ ಮನಶ್ಯಾರು. ಬಿಳಿ ಅಂಗಿ, ಬೆಂಗಳೂರ ಮಾತು. ಇವ್ರು ಏಳೂ ಮದಲ ನಾ ಡಬ್ಬಿ ಬಿಚ್ಚಿ ಕೊಡೂ ತನಕ ಆ ಹೊಸ್ತಿಲದ ಮ್ಯಾಲೇ ಕುಂತಿದ್ರು. ರೊಟ್ಟಿ ಕೊಟ್ಟೆ, ತಿಂದ್ರು. ಅವ್ರೂ ನಿಮ್ಮಂಗ ಕೇಳಿದ್ರು ನೋಡ್ರಿ, ಕೊನೀಗೆ ಎರಡು ತಟ್ಟು ಯಾಕಂತ." ಶೇಖವ್ವನಿಗೆ ಏನೋ ನೆನಪಾಗಿ ಸಣ್ಣಗೆ ನಗು ಬಂತು. "ಸಾಲಿ ಮಾಸ್ತರ ಇರಬೇಕು ಅನ್ಕೊಂಡೆ ರೀ. ಮಾತ ಮಾತಿಗೂ ‘ತಿಳೀತಾ? ತಿಳೀತಾ?’ ಅಂತಿದ್ರು."

ಸುಮಂಗಲೆಯ ಕೈಯಲ್ಲಿದ್ದ ಉಂಡೆ ಮಣೆಯ ಮೇಲೆ ಬಿತ್ತು.

ಅದೇ ಹೊತ್ತಿಗೆ ಅವಳ ಫೋನ್ ಹೊಡೆದುಕೊಂಡಿತು. ಪರದೆಯಾಚೆ ಮಲಗಿದವನು ಮಗ್ಗುಲಾದ. ಎಬ್ಬಿಸಬಾರದೆಂಬ ಗಡಿಬಿಡಿಯಲ್ಲಿ, ಕೈತುಂಬಾ ಹಿಟ್ಟು, ಅವಳು ಬೆರಳ ಗಿಣ್ಣಿನಿಂದ ಒತ್ತಿದಳು. ಸ್ಪೀಕರ್ ತಾನಾಗಿಯೇ ಆನ್ ಆಯಿತು.

"ಏನ್ ಮೇಡಂ, ಎಲ್ಲಿದ್ದೀರ?"

ಹನುಮಂತರಾಯಪ್ಪ.

ಸುಮಂಗಲಾ ಧ್ವನಿ ಸಮ ಮಾಡಿಕೊಂಡಳು. "ಮನೇಲಿದ್ದೀನಿ ರಾಯಪ್ಪನವ್ರೆ. ಅಡುಗೆ ಮಾಡ್ತಿದ್ದೀನಿ."

ಶೇಖವ್ವ ಇತ್ತ ಗಮನವಿಲ್ಲದೆ ಕೊನೆಯ ಉಂಡೆಯನ್ನು ಮಣೆಗೆ ಹಾಕಿದ್ದಳು. ಬಡಿಯಬೇಡ ಎಂದು ಸನ್ನೆ ಮಾಡುವುದು ಸುಮಂಗಲೆಗೆ ಹೊಳೆಯಲಿಲ್ಲ. ಇಷ್ಟು ಕೇಸು ನೋಡಿದವಳಿಗೆ ಅದೊಂದು ಹೊಳೆಯಲಿಲ್ಲ.

"ರಿಪೋರ್ಟ್ ಆಯ್ತಾ? ನಾನ್ ಇಲ್ಲೇ ಒಬ್ಬರನ್ನ ಮಾತಾಡಿಸ್ಬಿಟ್ಟು ಮೀಟಿಂಗ್‌ಗೆ ಹೋಗ್ತೀನಿ. ಯಾರ್ ಏನೇ ಹೇಳಿದ್ರೂ ನೀವು ಕಿವಿಗ್ ಹಾಕ್ಕೊಬೇಡಿ. ತಿಳೀತಾ?"

ಟಪ್ ಟಪ್ ಟಪ್ ಟಪ್... ತಟ್, ತಟ್.

ಶೇಖವ್ವನ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಕಣ್ಣು ಅಗಲವಾದವು. ಹಿಟ್ಟು ಮೆತ್ತಿದ ಬೆರಳಿನಿಂದ ಫೋನನ್ನು ತೋರಿಸಿದಳು. ತುಟಿಗಳು ಸದ್ದಿಲ್ಲದೆ ಆಡಿದವು: ಇವ್ರೇ ರೀ.

ಫೋನಿನಾಚೆಯೂ ಮಾತು ನಿಂತುಹೋಗಿತ್ತು.

"ಮೇಡಂ," ಎಂದ ಹನುಮಂತರಾಯಪ್ಪ ಕೊನೆಗೆ. ಧ್ವನಿ ಮೆತ್ತಗಾಗಿತ್ತು. "ಈಗ ಕೇಳಿಸ್ತಲ್ಲ, ರೊಟ್ಟಿ ಬಡಿದಿದ್ದು... ಕೊನೇಲಿ ಎರಡು ತಟ್ಟು... ಅದು ನಿಮ್ ಕೈಯಲ್ಲ ಅಲ್ವಾ?"

ಸುಮಂಗಲಾ ಫೋನನ್ನು ಕೈಗೆತ್ತಿಕೊಂಡಳು. ಪರದೆಯ ಆಚೆ ಚನಬಸಪ್ಪ ಏನೂ ಅರಿಯದೆ, ಸುಖವಾಗಿ ಮಲಗಿದ್ದ.

ಗಲ್ಲಿಯಲ್ಲಿ ಬೆಳ್ಳುಳ್ಳಿ ಮಾರುವ ಗಾಡಿಯೊಂದು ಮೈಕಿನಲ್ಲಿ ಕೂಗಿತು: "ಬೆಳ್ಳುಳ್ಳಿ, ಬೆಳ್ಳುಳ್ಳಿ, ನಾಟಿ ಬೆಳ್ಳುಳ್ಳಿ..."

ಆ ಕೂಗು ಅವಳಿಗೆ ಎರಡು ಸಲ ಕೇಳಿಸಿತು. ಒಮ್ಮೆ ಕಿಟಕಿಯಿಂದ. ಮರುಕ್ಷಣವೇ ಫೋನಿನಿಂದ.

ಕೆಳಗಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಶುರುವಾಯಿತು.